ಹಸಿರು ಪಟ್ಟಿಯಿಂದ ಇಳಿದ ಶಾಲೆ

ತಮಿಳುನಾಡಿನ ಕೊಯಮತ್ತೂರು ಕಡೆಯ ಕುನ್ನತ್ತೂರಿನಿಂದ ಆರು ಕಿಲೋಮೀಟರು ಒಳಗೆ ನೂಲ್ಪುದೂರು ಎಂಬ ಊರು. ಮುಕ್ಕಾಲು ಪಾಲು ನೇಕಾರರ ಮನೆಗಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಎಷ್ಟೋ ತಲೆಮಾರಿನಿಂದ ಹೀಗೇ ನಡೆದುಬಂದಿರುವುದರಿಂದ ಇದು ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಅಲ್ಲಿನ ಪಂಚಾಯತಿ ಮಿಡಲ್ ಸ್ಕೂಲಿನಲ್ಲಿ ಒಂದರಿಂದ ಎಂಟರವರೆಗೆ ಅರವತ್ತೊಂದು ಮಕ್ಕಳು, ಹೆಡ್‌ಮಿಸ್ಟ್ರೆಸ್ ಶೋಭನಾ ಸೇರಿ ನಾಲ್ವರು ಶಿಕ್ಷಕರು.

ಶೋಭನಾ ಅದೇ ಊರಿನ ಮಗಳು, ಅದೇ ಶಾಲೆಯಲ್ಲಿ ಓದಿದವಳು. ಐದನೆಯ ತರಗತಿಯಲ್ಲಿ ಅವಳಿಗೆ ಪಾಠ ಹೇಳಿದ ಲೋಗನಾಥನ್ ಸಾರ್ ಇನ್ನೂ ಅಲ್ಲೇ ಇದ್ದರು. ಇಪ್ಪತ್ನಾಲ್ಕನೆಯ ವಯಸ್ಸಿಗೆ ಬಂದು ಸೇರಿದವರು ಬೇರೆಲ್ಲಿಗೂ ಹೋಗಿರಲಿಲ್ಲ. ಸೋಮವಾರ ಬೆಳಿಗ್ಗೆ ಜೇಬಿನಿಂದ ನೇಲ್ ಕಟರ್ ತೆಗೆದು ಮಕ್ಕಳ ಉಗುರು ಕತ್ತರಿಸಿದ ಮೇಲೆಯೇ ಅವರ ವಾರ ಶುರುವಾಗುವುದು. ನಾಲ್ಕು ವರ್ಷದ ಹಿಂದೆ ಶೋಭನಾ ಹೆಡ್‌ಮಿಸ್ಟ್ರೆಸ್ ಆಗಿ ಬಂದ ದಿನ, ಅವಳು ಸ್ಟಾಫ್ ರೂಮಿಗೆ ಕಾಲಿಟ್ಟ ಕೂಡಲೇ ಅವರು ಎದ್ದು ನಿಂತರು. ಅವಳಿಗೆ ನಾಚಿಕೆಯಾಗಿ, ದಯವಿಟ್ಟು ಹಾಗೆ ಮಾಡಬೇಡಿ ಸಾರ್ ಎಂದು ಬೇಡಿಕೊಂಡಳು. ನಾನು ಎದ್ದದ್ದು ಆ ಕುರ್ಚಿಗೆ, ನಿನಗಲ್ಲ ಎಂದು ಅವರು ನಕ್ಕುಬಿಟ್ಟರು. ಅಂದಿನಿಂದ ಮಕ್ಕಳ ಮುಂದೆ ಅವಳು ‘ಟೀಚರ್’, ಯಾರೂ ಇಲ್ಲದಾಗ ‘ಕಣ್ಣು’.

ಪ್ರತಿ ವರ್ಷ ನವೆಂಬರಿನಲ್ಲಿ ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಕಲಿಕೆಯ ಮಟ್ಟದ ಪರೀಕ್ಷೆ ನಡೆಯುತ್ತಿತ್ತು. ಪ್ರಶ್ನೆಪತ್ರಿಕೆ ಮೇಲಿನಿಂದ ಬರುತ್ತಿತ್ತು, ಉತ್ತರದ ಹಾಳೆ ಮೇಲಕ್ಕೆ ಹೋಗುತ್ತಿತ್ತು. ಜನವರಿಯಲ್ಲಿ ಬ್ಲಾಕಿನ ಎಲ್ಲ ಶಾಲೆಗಳ ಹೆಸರು ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿಗಳಲ್ಲಿ ಹೊರಬೀಳುತ್ತಿತ್ತು. ಹಿಂದಿನ ವರ್ಷ ನೂಲ್ಪುದೂರು ಕೆಂಪು ಪಟ್ಟಿಯಲ್ಲಿತ್ತು. ಶಾಲೆಯನ್ನು ಕೆಳಗೆಳೆದದ್ದು ಲೋಗನಾಥನ್ ಅವರ ಮೂರನೆಯ ತರಗತಿಯೇ. ಇನ್ನೊಂದು ವರ್ಷ ಕೆಂಪಾದರೆ ಆರರಿಂದ ಎಂಟರವರೆಗಿನ ಮಕ್ಕಳನ್ನು ಮೇನ್ ರೋಡಿನ ದೊಡ್ಡ ಶಾಲೆಗೆ ಸೇರಿಸಿಬಿಡುತ್ತಾರೆ ಎಂಬ ಮಾತು ಹಬ್ಬಿತ್ತು. ಆ ಆರ್ಡರನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ಹನ್ನೊಂದು ಮಕ್ಕಳು ಆಗಲೇ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗತೊಡಗಿದ್ದರು.

ಕೆಂಪು ಪಟ್ಟಿಯಿಂದ ಒಂದು ಒಳ್ಳೆಯದೂ ಆಗಿತ್ತು. ಹಿಂದುಳಿದ ಮಕ್ಕಳಿಗೆ ಕಲಿಸಲೆಂದು ಚಂದ್ರಾ ಎಂಬ ಹುಡುಗಿಯನ್ನು ವಾರಕ್ಕೆ ಮೂರು ಮಧ್ಯಾಹ್ನ ಕಳಿಸುತ್ತಿದ್ದರು. ಅವಳು ಬಂದ ದಿನ ಮೂರನೆಯ ತರಗತಿಯ ಒಂಬತ್ತು ಮಕ್ಕಳೂ ವರಾಂಡದಲ್ಲಿ ಅವಳ ಸುತ್ತ ಕೂರುತ್ತಿದ್ದವು.

ಈ ಸಲದ ಪರೀಕ್ಷೆಯ ದಿನ ಮೂರನೆಯ ತರಗತಿಯನ್ನು ನೋಡಿಕೊಳ್ಳಲು ಹೊರಗಿನಿಂದ ಬರಬೇಕಿದ್ದ ಬಿ.ಎಡ್. ವಿದ್ಯಾರ್ಥಿನಿಗೆ ಜ್ವರ ಬಂತು. ಶೋಭನಾ ಬ್ಲಾಕ್ ಆಫೀಸಿಗೆ ಫೋನ್ ಮಾಡಿದಾಗ, ಇರುವವರನ್ನೇ ಇಟ್ಟುಕೊಂಡು ನಡೆಸಿ ಎಂದು ಯಾರೋ ಹೇಳಿದರು. ಅವಳು ಲೋಗನಾಥನ್ ಅವರನ್ನು ಅಲ್ಲಿ ಬಿಟ್ಟು ತಾನು ಎಂಟನೆಯ ತರಗತಿಗೆ ಹೋದಳು. ಪರೀಕ್ಷೆ ಮುಗಿಯಿತು, ಹಾಳೆಗಳನ್ನು ಕವರಿಗೆ ಹಾಕಿ ಅಂಟಿಸಿದರು, ಜೀಪು ಬಂದು ತೆಗೆದುಕೊಂಡು ಹೋಯಿತು.

ಪೊಂಗಲ್ ರಜೆ ಮುಗಿದ ವಾರ ಪಟ್ಟಿ ಬಂತು. ನೂಲ್ಪುದೂರು ಹಸಿರು. ಮೂರನೆಯ ತರಗತಿಗೆ ನೂರಕ್ಕೆ ತೊಂಬತ್ತೆರಡು.

ಬ್ಲಾಕ್ ಶಿಕ್ಷಣಾಧಿಕಾರಿ ಪ್ರೇಮ್ ಕುಮಾರ್ ತಾವೇ ಶಾಲೆಗೆ ಬಂದರು. ಮೂವತ್ತೆರಡು ಮೂವತ್ತಮೂರರ ಯುವಕ. ಪೆರಿಯನಾಯಕನಪಾಳ್ಯದ ಮಿಲ್ ಕಾರ್ಮಿಕರ ಮಗ, ಪರೀಕ್ಷೆಗಳನ್ನು ಬರೆದು ಬರೆದೇ ಈ ಕೆಲಸಕ್ಕೆ ಬಂದವರು. ಲೋಗನಾಥನ್ ಅವರಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರು. ಮಧ್ಯಾಹ್ನದ ಊಟಕ್ಕೆ ಸಕ್ಕರೆ ಪೊಂಗಲ್ ಆಯಿತು. ಮೂರನೆಯ ತರಗತಿಯ ಸರಣ್ಯಾಳ ಅಜ್ಜಿ ಅಮ್ಮಣಿ, ಮನೆಯಲ್ಲಿ ನೂಲು ಸುತ್ತುವುದನ್ನು ಬಿಟ್ಟು ಬಂದು ಗೇಟಿನ ಬಳಿ ನಿಂತವಳು, ಹೋಗಿಬರುವವರಿಗೆಲ್ಲ ಮೊಮ್ಮಗಳ ಮಾರ್ಕು ಹೇಳಿದಳು. ಇಪ್ಪತ್ತಕ್ಕೆ ಹತ್ತೊಂಬತ್ತು. ಇಂಗ್ಲಿಷ್ ಶಾಲೆಗೆ ಸೇರಿದ್ದ ಒಬ್ಬ ಹುಡುಗನ ತಂದೆ ಬಂದು, ಜೂನಿನಲ್ಲಿ ಮಗನನ್ನು ಇಲ್ಲಿಗೇ ತರುತ್ತೇನೆ ಎಂದ. ಶಾಲು ಹೊದ್ದ ಲೋಗನಾಥನ್ ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ. ಸಂಕೋಚದ ಮನುಷ್ಯ ಎಂದುಕೊಂಡಳು ಶೋಭನಾ.

ಮುಂದಿನ ವಾರ ಅವರು ಕಣ್ಣಿನ ಪರೀಕ್ಷೆಗೆಂದು ಕೊಯಮತ್ತೂರಿಗೆ ಹೋದರು. ಎರಡು ದಿನ ರಜೆ. ಮೂರನೆಯ ತರಗತಿಗೆ ಶೋಭನಾಳೇ ಹೋದಳು. ಅದೇ ಬೆಳಿಗ್ಗೆ ಆಫೀಸಿನಿಂದ ಒಂದು ಕಾಗದ ಬಂದಿತ್ತು: ಶಾಲೆ ಹಸಿರಾಗಿರುವುದರಿಂದ ಮಾರ್ಚ್‌ನಿಂದ ಚಂದ್ರಾಳನ್ನು ಬೇರೊಂದು ಕೆಂಪು ಶಾಲೆಗೆ ಕಳಿಸಲಾಗುವುದು. ಅದರ ಜೊತೆಗೇ ಒಂದೊಂದು ಮಗುವಿಗೂ ಏನೇನು ಬರುತ್ತದೆ ಎಂಬ ಪಟ್ಟಿ. ಸರಣ್ಯಾಳ ಹೆಸರಿನ ಮುಂದೆ, ಎರಡಂಕಿಯ ಕಳೆಯುವ ಲೆಕ್ಕ ಪೂರ್ತಿ ಕರಗತ ಎಂದಿತ್ತು.

ಮಕ್ಕಳನ್ನು ಹೊಗಳಲೆಂದೇ ಶೋಭನಾ ಪರೀಕ್ಷೆಯಲ್ಲಿ ಬಂದಿದ್ದ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಳು. ಬುಟ್ಟಿಯಲ್ಲಿ ಐವತ್ತೆರಡು ಹಣ್ಣು, ಇಪ್ಪತ್ತೇಳು ಮಾರಿದರು, ‘ಮೀದಂ’ ಎಷ್ಟು? ಸರಣ್ಯಾ ಸ್ಲೇಟಿನ ಮೇಲೆ ಮೂವತ್ತೈದು ಎಂದು ಬರೆದು ಎತ್ತಿ ಹಿಡಿದಳು. ಏಳರಲ್ಲಿ ಎರಡು ಕಳೆದು ಐದು, ಐದರಲ್ಲಿ ಎರಡು ಕಳೆದು ಮೂರು. ಸಾಲಿನಲ್ಲಿ ಇನ್ನೂ ಐದು ಮೂವತ್ತೈದುಗಳು ಎದ್ದವು. ಇಬ್ಬರಿಗಂತೂ ‘ಮೀದಂ’ ಎಂಬ ತಮಿಳು ಪದಕ್ಕೆ ಉಳಿದದ್ದು ಎಂಬ ಅರ್ಥವೇ ತಿಳಿದಿರಲಿಲ್ಲ.

ಶೋಭನಾ ಸರಣ್ಯಾಳ ಪಕ್ಕ ನೆಲದ ಮೇಲೆ ಕುಳಿತು, ಮನೆ ಮಾತಿನಲ್ಲೇ ಕೇಳಿದಳು. “ಪರೀಚ್ಚೇಲಿ ಇದನ್ನ ಸರಿಯಾಗಿ ಮಾಡಿದ್ದೆಯಲ್ಲ ಕಣ್ಣು?”

“ಅವತ್ತು ಸಾರ್ ನಮ್ ಮಾತಲ್ಲಿ ಹೇಳಿದ್ರು ಟೀಚರ್. ಆಮೇಲೂ ನಾ ಅಳ್ತಾನೇ ಇದ್ದೆ. ಅಪ್ಪುರ ಬೆರಳಿಟ್ಟು ತೋರಿಸಿದ್ರು.” ‘ಅಪ್ಪುರ’ ಎಂದರೆ ತಮಿಳಿನಲ್ಲಿ ಆಮೇಲೆ; ಮಕ್ಕಳ ಕನ್ನಡದಲ್ಲಿ ಅದು ಬೆರೆತುಹೋಗಿತ್ತು.

“ನಿನಗೊಬ್ಬಳಿಗೇನಾ?”

“ಎಲ್ಲಾರ್ಗೂ,” ಎಂದಳು ಸರಣ್ಯಾ, ಸಾರ್ ಎಲ್ಲರಿಗೂ ಕಡಲೆ ಮಿಠಾಯಿ ಹಂಚಿದರು ಎನ್ನುವಷ್ಟು ಸಲೀಸಾಗಿ.

ಶೋಭನಾ ಬೋರ್ಡ್ ಒರೆಸಿ ಮಕ್ಕಳಿಗೆ ಚಿತ್ರ ಬಿಡಿಸಲು ಹೇಳಿದಳು. ಅವಳಿಗೆ ಮೊದಲು ಬಂದದ್ದು ಸಿಟ್ಟಲ್ಲ. ಇದು ನನಗೆ ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಬೇಸರವಾಯಿತು.

ಭಾನುವಾರ ಬೆಳಿಗ್ಗೆ ಅವಳು ಲೋಗನಾಥನ್ ಅವರ ಮನೆಗೆ ಹೋದಳು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಕುಳಿತಿದ್ದರು. ಅವರ ಹೆಂಡತಿ ಕಾಫಿ ಕೊಟ್ಟು, ಇವಳ ಮುಖ ನೋಡಿ ಏನೋ ಅರ್ಥವಾದವರಂತೆ ಒಳಗೆ ಹೋದರು.

“ಮೂರನೇ ಕ್ಲಾಸ್ ಪರೀಚ್ಚೆ ವಿಷ್ಯ ಕೇಳಕ್ಕೆ ಬಂದೆ ಸಾರ್.”

ಅವರು ಕೇಳಿದರು, “ಸರಣ್ಯಾ ಹೇಳಿದ್ಲಾ?”

“ನಾ ಕೇಳಿದೆ, ಅವ್ಳು ಹೇಳಿದ್ಲು. ಅದು ತಪ್ಪು ಅಂತ್ಲೇ ಅವ್ಳಿಗೆ ಗೊತ್ತಿಲ್ಲ.”

ಅವರು ಏನನ್ನೂ ಮುಚ್ಚಿಡಲಿಲ್ಲ. ಪ್ರಶ್ನೆಯನ್ನು ಒಮ್ಮೆ ಗಟ್ಟಿಯಾಗಿ ಓದಬಹುದು ಎಂದು ನಿಯಮದಲ್ಲೇ ಇತ್ತಂತೆ. ಅವರು ಓದಿದರು. ಪುಸ್ತಕದ ತಮಿಳು ಕೇಳಿ ಮಕ್ಕಳು ಪಿಳಿಪಿಳಿ ನೋಡಿದವು. ಅದನ್ನೇ ಕನ್ನಡದಲ್ಲಿ ಹೇಳಿದಾಗ ಮುಖಗಳು ಅರಳಿದವು. ಮೊದಲ ಐದಾರು ಪ್ರಶ್ನೆಗಳನ್ನು ಬಹಳ ಮಕ್ಕಳು ತಾವಾಗಿಯೇ ಮಾಡಿದವು. ಕಳೆಯುವ ಲೆಕ್ಕ ಬಂದಾಗ ಸರಣ್ಯಾ ಸದ್ದಿಲ್ಲದೆ ಅಳತೊಡಗಿದಳು. ಕಣ್ಣೀರು ಬಿದ್ದು ಉತ್ತರದ ಹಾಳೆ ಕೆಟ್ಟೀತೆಂದು ಒರೆಸಲು ಬಗ್ಗಿದವರು ಅಲ್ಲಿ ಕೊಟ್ಟಿದ್ದ ನಾಲ್ಕು ಉತ್ತರಗಳಲ್ಲಿ ಸರಿಯಾದುದರ ಮೇಲೆ ಬೆರಳಿಟ್ಟುಬಿಟ್ಟರು. ಪಕ್ಕದ ಮಗು ಅದನ್ನು ನೋಡಿ ತಲೆಯೆತ್ತಿತು. ಒಬ್ಬಳಿಗೆ ತೋರಿಸಿ ಇನ್ನೊಬ್ಬರಿಗೆ ಇಲ್ಲ ಅನ್ನುವುದು ಅವರಿಂದ ಆಗಲಿಲ್ಲ.

“ಅಳೋದು ನೋಡಕ್ಕಾಗ್ದೆ ಮಾಡ್ದೆ ಅಂದ್ರೆ ಅರ್ಧ ನಿಜ ಕಣ್ಣು,” ಎಂದರು. “ಪಳ್ಳಿಕೂಡ ಮುರಿದು ಮಕ್ಕಳ್ನ ದೊಡ್ಡ ಸ್ಕೂಲಿಗೆ ಸೇರಿಸ್ತಾರೆ, ಅದೂ ನನ್ ಕ್ಲಾಸಿಂದ ಅನ್ನೋ ಭಯ ಇನ್ನರ್ಧ.”

ಚಂದ್ರಾಳನ್ನು ಕಳಿಸಿಬಿಡುವ ವಿಷಯ ಶೋಭನಾ ಹೇಳಿದಳು. ನಮ್ಮ ಮಕ್ಕಳಿಗೆಲ್ಲ ಬರುತ್ತದೆ ಎಂದು ಕಾಗದ ಹೇಳುತ್ತಿರುವಾಗ, ಬರುವುದಿಲ್ಲ ಕಲಿಸಿ ಎಂದು ಯಾರನ್ನು ಕೇಳುವುದು? ತಾನು ಪ್ರೇಮ್ ಕುಮಾರ್ ಅವರಿಗೆ ಬರೆಯಬೇಕೆಂದಿದ್ದೇನೆ ಎಂದಳು.

ಲೋಗನಾಥನ್ ಕನ್ನಡಕ ತೆಗೆದರು. ಕಣ್ಣು ಕೆಂಪಾಗಿತ್ತು, ಔಷಧಿಗೋ ಏನೋ. “ನನ್ಗಿನ್ನು ಹದಿನಾಕು ತಿಂಗ್ಳು ಸರ್ವೀಸು. ಅದೊಂದು ನೆನಪಿಟ್ಕೊಂಡು ಬರಿ,” ಎಂದು ಎದ್ದು ಒಳಗೆ ಹೋದರು. ಅವಳ ಕಾಫಿ ಲೋಟದಲ್ಲೇ ಉಳಿಯಿತು.

ಮೂರು ದಿನ ಅವರು ಅವಳೊಡನೆ ಮಾತಾಡಲಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋಗುವರು, ಊಟದ ಡಬ್ಬಿಯನ್ನು ತರಗತಿಯಲ್ಲೇ ಬಿಚ್ಚುವರು. ಶೋಭನಾಗೆ ಮೂವತ್ತೈದು ವರ್ಷದ ಹಿಂದಿನ ಒಂದು ದಿನ ನೆನಪಾಗುತ್ತಿತ್ತು: ಅಪ್ಪ ಅವಳನ್ನು ಶಾಲೆ ಬಿಡಿಸಿ ಮಗ್ಗದ ಕೆಲಸಕ್ಕೆ ಹಚ್ಚಲು ಹೊರಟಾಗ, ಈ ಮನುಷ್ಯ ನಾಲ್ಕು ಸಂಜೆ ಅವರ ಮನೆಯ ಮುಂದೆ ಸೈಕಲ್ ನಿಲ್ಲಿಸಿಕೊಂಡು ಕುಳಿತಿದ್ದರು. ಬರೆಯಲು ಕುಳಿತಾಗಲೆಲ್ಲ ಆ ಸೈಕಲ್ಲು ಅಡ್ಡ ಬರುತ್ತಿತ್ತು. ಆದರೂ ಬುಧವಾರ ಮಧ್ಯಾಹ್ನ ತಮಿಳಿನಲ್ಲಿ ಕಾಗದ ಬರೆದು ಮುಗಿಸಿದಳು. ಹೊರಗಿನವರಿಲ್ಲದೆ ಪರೀಕ್ಷೆ ನಡೆಸಿದ್ದು ತನ್ನ ತಪ್ಪು, ಮೂರನೆಯ ತರಗತಿಯ ಅಂಕಗಳು ನಿಜವಲ್ಲ, ಇನ್ನೊಮ್ಮೆ ಪರೀಕ್ಷೆ ನಡೆಸಬೇಕು, ಅಲ್ಲಿಯವರೆಗೆ ಚಂದ್ರಾಳನ್ನು ಕಳಿಸಬಾರದು. ಲೋಗನಾಥನ್ ಅವರ ಹೆಸರನ್ನು ಅವಳು ಬರೆಯಲಿಲ್ಲ.

ಕಳಿಸುವ ಮೊದಲು ಅದನ್ನು ಒಯ್ದು ಅವರ ಮೇಜಿನ ಮೇಲೆ ಇಟ್ಟಳು. ಮಕ್ಕಳು ಊಟಕ್ಕೆ ಹೋಗಿದ್ದವು. ಅವರು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು, ಇನ್ನೊಮ್ಮೆ ಓದಿದರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು ‘ತವರು’ ಎಂಬ ತಮಿಳು ಪದಕ್ಕೆ ಸುತ್ತು ಹಾಕಿದರು. ತಮಿಳಿನ ಎರಡು ‘ರ’ಗಳು ಅವಳಿಗೆ ಐದನೆಯ ತರಗತಿಯಿಂದಲೂ ಅದಲುಬದಲು.

“ತಪ್ಪು ಅನ್ನೋ ಪದಾನೇ ತಪ್ಪಾಗಿ ಬರ್ದಿದ್ದೀಯ,” ಎಂದರು.

ಅವರು ಅವಳ ಸಹಿಯ ಕೆಳಗೆ, ನೀಲಿ ಪೆನ್ನಿನಲ್ಲಿ, ಒಂದೇ ಸಾಲು ಬರೆದರು: ಮಕ್ಕಳಿಗೆ ಉತ್ತರ ತೋರಿಸಿದವನು ನಾನು. ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು. ಕೆಂಪು ಸುತ್ತು ಇರುವ ಕಾಗದವನ್ನು ಆಫೀಸಿಗೆ ಕಳಿಸಲಾಗುವುದಿಲ್ಲ, ಇನ್ನೊಂದು ಹಾಳೆಯಲ್ಲಿ ಸರಿಯಾಗಿ ಬರೆದು ತಾ, ಮತ್ತೆ ಸಹಿ ಹಾಕುತ್ತೇನೆ ಎಂದರು. ಅವಳು ಹಾಗೇ ಮಾಡಿದಳು.

ಪ್ರೇಮ್ ಕುಮಾರ್ ಅವರಿಗೆ ಈ ಕಾಗದ ಬೇಕಿರಲಿಲ್ಲ. ಜಿಲ್ಲಾ ಮೀಟಿಂಗಿನಲ್ಲಿ ತೋರಿಸಲು ನೂಲ್ಪುದೂರಿನ ಫೋಟೋವನ್ನು ಅವರು ಆಗಲೇ ಕಳಿಸಿಯಾಗಿತ್ತು. ಶೋಭನಾಳನ್ನು ಆಫೀಸಿಗೆ ಕರೆಸಿ, ಯಾರೂ ಕೇಳದೆ ಇರುವುದನ್ನು ನೀವೇಕೆ ಕೆದಕುತ್ತೀರಿ, ವಾಪಸ್ ತೆಗೆದುಕೊಳ್ಳಿ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಅವಳು ತನ್ನ ಚೀಲದಿಂದ ಒಂಬತ್ತು ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಮಕ್ಕಳು ಹಿಂದಿನ ದಿನ ಮಾಡಿದ ಕಳೆಯುವ ಲೆಕ್ಕಗಳು. ಪ್ರೇಮ್ ಕುಮಾರ್ ಒಂದೊಂದನ್ನೂ ನೋಡಿದರು. ತಾನೂ ಚಿಕ್ಕವನಿದ್ದಾಗ ಹೀಗೇ ದೊಡ್ಡ ಅಂಕಿಯಿಂದಲೇ ಚಿಕ್ಕದನ್ನು ಕಳೆಯುತ್ತಿದ್ದೆ, ನಾಲ್ಕನೆಯ ತರಗತಿಯ ಟೀಚರೊಬ್ಬರು ಕೂರಿಸಿಕೊಂಡು ತಿದ್ದಿದರು ಎಂದು, ಕೇಳದೆಯೇ ಹೇಳಿದರು. ಆಮೇಲೆ ಕಾಗದವನ್ನು ಮೇಲಕ್ಕೆ ಕಳಿಸುವ ಫೈಲಿಗೆ ಸೇರಿಸಿದರು.

ಮೇಲಿನಿಂದ ಉತ್ತರ ಬರಲು ಎರಡು ವಾರ ಹಿಡಿಯಿತು. ಮೂರನೆಯ ತರಗತಿಗೆ ಮಾರ್ಚ್ ಕೊನೆಯಲ್ಲಿ ಮರುಪರೀಕ್ಷೆ, ಪ್ರೇಮ್ ಕುಮಾರ್ ಅವರೇ ಖುದ್ದಾಗಿ ನಡೆಸಬೇಕು. ಚಂದ್ರಾ ಅಲ್ಲಿಯವರೆಗೆ ಇರಬಹುದು. ಶೋಭನಾ ಮತ್ತು ಲೋಗನಾಥನ್ ಇಬ್ಬರಿಗೂ ಮೆಮೊ. ಲೋಗನಾಥನ್ ಅವರ ಸರ್ವೀಸ್ ಪುಸ್ತಕದಲ್ಲಿ ಎಚ್ಚರಿಕೆಯ ದಾಖಲೆ.

ಊರಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಶೋಭನಾ ಪೋಷಕರನ್ನು ಶನಿವಾರ ಕರೆದು, ಆದದ್ದನ್ನು ಕನ್ನಡದಲ್ಲೇ ಹೇಳಿದಳು. ಲೋಗನಾಥನ್ ಎದ್ದು ನಿಂತು, ಅದು ನಾನೇ ಮಾಡಿದ್ದು ಎಂದು ಹೇಳಿ ಕೂತರು. ಮಗನನ್ನು ವಾಪಸ್ ತರುತ್ತೇನೆಂದಿದ್ದ ತಂದೆ ಎದ್ದು ಹೋದ. ಅಮ್ಮಣಿಗೆ ಮಾತ್ರ ತಡೆಯಲಾಗಲಿಲ್ಲ.

“ಸಾರ್ ಏನ್ ಮಾಡಬಾರದ್ದು ಮಾಡಿದ್ರುಂಗ? ಮಗು ಅತ್ರೆ ನೋಡ್ತಾ ನಿಂತ್ಕೋಬೇಕಿತ್ತಾ? ಬಂದ ಹಸ್ರನ್ನ ಯಾರಾದ್ರೂ ತಿರ್ಗ ಕೊಡ್ತಾರಾ ಟೀಚರ್?”

“ಸರಣ್ಯಾಗೆ ಕಳಿಯೋ ಲೆಕ್ಕ ಬರಲ್ಲ ಅಮ್ಮಣಿ ಅಕ್ಕ,” ಎಂದಳು ಶೋಭನಾ. “ಬರುತ್ತೆ ಅಂತ ನಾವು ಬರ್ದು ಕೊಟ್ರೆ ಇನ್ಯಾರೂ ಅವ್ಳಿಗೆ ಕಲಿಸಲ್ಲ.”

ಅಮ್ಮಣಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾದ್ರೆ ಕಲ್ಸಿ,” ಎಂದಳು. ಅದು ಒಪ್ಪಿಗೆಯೋ ಸಿಟ್ಟೋ ಯಾರಿಗೂ ತಿಳಿಯಲಿಲ್ಲ.

ಕಲಿಸಿದರು. ಮಾರ್ಚ್ ಕೊನೆಯವರೆಗೂ ಲೋಗನಾಥನ್ ಮನೆಗೆ ಹೋಗುವಾಗ ಐದೂವರೆ ದಾಟುತ್ತಿತ್ತು. ಗೋಡೆಯ ಮೇಲೆ ಒಂದು ದೊಡ್ಡ ಕಾಗದ ಅಂಟಿಸಿ, ಪ್ರಶ್ನೆಗಳಲ್ಲಿ ಬರುವ ತಮಿಳು ಪದಗಳನ್ನು ಬರೆದು, ಒಂದೊಂದಕ್ಕೂ ಮನೆಯಲ್ಲಿ ಏನನ್ನುತ್ತೀರಿ ಎಂದು ಮಕ್ಕಳನ್ನೇ ಕೇಳಿದರು. ‘ಮೀದಂ’ ಅಂದರೆ ಮಿಕ್ಕಿದ್ದು ಎಂದು ಗೊತ್ತಾದಾಗ ಒಂದು ಮಗು, ಇಷ್ಟೇನಾ ಎಂದಿತು. ಅಮ್ಮಣಿ ಒಂದು ದಿನ, ಯಾರೊಡನೆಯೂ ಮಾತಾಡದೆ, ನೂಲು ಸುತ್ತುವ ಖಾಲಿ ಕೊಳವೆಗಳ ಒಂದು ಚೀಲವನ್ನು ವರಾಂಡದಲ್ಲಿಟ್ಟು ಹೋದಳು. ಚಂದ್ರಾ ಅವನ್ನು ಹತ್ತು ಹತ್ತರ ಕಟ್ಟು ಕಟ್ಟಿದಳು. ಎರಡರಲ್ಲಿ ಏಳು ಹೋಗುವುದಿಲ್ಲ. ಒಂದು ಕಟ್ಟು ಬಿಚ್ಚಿದರೆ ಹನ್ನೆರಡಾಗುತ್ತದೆ, ಆಗ ಹೋಗುತ್ತದೆ. ಸರಣ್ಯಾ ಕಟ್ಟು ಬಿಚ್ಚಿ ಕಟ್ಟಿ ಬಿಚ್ಚಿ, ರಬ್ಬರ್ ಬ್ಯಾಂಡುಗಳು ಹರಿದುಹೋದವು.

ಮರುಪರೀಕ್ಷೆಯ ದಿನ ಪ್ರೇಮ್ ಕುಮಾರ್ ಒಂಬತ್ತೂವರೆಗೇ ಬಂದರು. ಶೋಭನಾ, ಲೋಗನಾಥನ್ ಇಬ್ಬರೂ ಶಾಲೆಯ ಆವರಣದಲ್ಲಿ ಇರಬಾರದು ಎಂದಿತ್ತು. ಎದುರಿನ ಶಣ್ಮುಗಂ ಟೀ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಲೋಗನಾಥನ್ ಒಂದು ಟೀ ಕುಡಿದರು, ಇನ್ನೊಂದು ತರಿಸಿ ಕುಡಿಯದೆ ಇಟ್ಟುಕೊಂಡರು. ಅಲ್ಲಿಂದ ತರಗತಿಯ ಒಂದು ಕಿಟಕಿ ಮಾತ್ರ ಕಾಣುತ್ತಿತ್ತು, ಅದರಲ್ಲಿ ಮಕ್ಕಳ ತಲೆ ಕಾಣುತ್ತಿರಲಿಲ್ಲ.

“ಅಳ್ತಿರ್ಬಹುದಾ?” ಎಂದು ಕೇಳಿದರು.

“ಅತ್ರೂ ಬರೀತಾರೆ ಸಾರ್.”

ಅವರು ತಲೆಯಾಡಿಸಿದರು. ಬಸ್ಸೊಂದು ಬಂದು ನಿಂತು ಹೋಯಿತು. ನಿನ್ನ ಮೇಲೆ ನನಗೆ ಸಿಟ್ಟು ಬಂದಿತ್ತು ಎಂದರು. ಗೊತ್ತು ಎಂದಳು ಅವಳು. ಸಿಟ್ಟಿಗಿಂತ ನಾಚಿಕೆ ಜಾಸ್ತಿ, ಕಲಿಸಿದ ಹುಡುಗಿಯ ಮುಂದೆ ನಿಲ್ಲುವುದು ಕಷ್ಟ ಎಂದರು. ಅವಳು ಆರಿದ ಟೀಯನ್ನು ಅವರ ಕೈಯಿಂದ ತೆಗೆದುಕೊಂಡು, ಶಣ್ಮುಗಂಗೆ ಹೇಳಿ ಬಿಸಿ ಟೀ ಕೊಡಿಸಿದಳು.

ಹನ್ನೊಂದೂವರೆಗೆ ಬೆಲ್ಲು ಹೊಡೆಯಿತು. ಮಕ್ಕಳು ಗೇಟು ದಾಟಿ ಓಡಿಬಂದವು. ಎಷ್ಟು ಬರೆದೆ ಎಂದು ಲೋಗನಾಥನ್ ಯಾರನ್ನೂ ಕೇಳಲಿಲ್ಲ. ಸರಣ್ಯಾ ಹತ್ತಿರ ಬಂದಾಗ ಬಗ್ಗಿ, “ಅತ್ತ್ಯಾ?” ಎಂದರು.

“ಕೊಂಚ,” ಎಂದಳು ಅವಳು.

“ಅಪ್ಪುರ?”

“ಅಪ್ಪುರ ಕಟ್ಟು ಬಿಚ್ಚಿದೆ.”

ಕೈಯಲ್ಲಿ ಯಾವ ಕಟ್ಟೂ ಇರಲಿಲ್ಲವಲ್ಲ ಎಂದು ಅವರು ಕೇಳಿದ್ದಕ್ಕೆ ಸರಣ್ಯಾ ತಲೆ ಮುಟ್ಟಿ ತೋರಿಸಿದಳು. ಲೋಗನಾಥನ್ ಬೆಂಚಿನ ಮೇಲೆ ಕುಳಿತುಬಿಟ್ಟರು. ಒಂಬತ್ತು ಮಕ್ಕಳಿಗೂ ಬಿಸ್ಕತ್ತು ಕೊಡಿ ಎಂದು ಶಣ್ಮುಗಂಗೆ ಹೇಳಿದರು.

ಮೂರನೆಯ ತರಗತಿಗೆ ನೂರಕ್ಕೆ ಐವತ್ತನಾಲ್ಕು ಬಂತು. ಸರಣ್ಯಾಗೆ ಇಪ್ಪತ್ತಕ್ಕೆ ಹನ್ನೊಂದು. ಶಾಲೆ ಹಸಿರು ಪಟ್ಟಿಯಿಂದ ಇಳಿದು ಹಳದಿಗೆ ಬಂತು. ಹಳದಿ ಶಾಲೆಗಳಿಗೆ ವಾರಕ್ಕೆ ಎರಡು ಮಧ್ಯಾಹ್ನ ಎಂದು ನಿಯಮವಿದ್ದುದರಿಂದ ಚಂದ್ರಾ ಉಳಿದಳು. ಮೂರನೆಯ ಮಧ್ಯಾಹ್ನ ಯಾರಿಗೂ ಹೇಳದೆ ತಾನಾಗಿಯೇ ಬರತೊಡಗಿದಳು. ದೊಡ್ಡ ಶಾಲೆಗೆ ಸೇರಿಸುವ ಮಾತು ಆ ವರ್ಷ ಏಳಲಿಲ್ಲ. ಇಂಗ್ಲಿಷ್ ಶಾಲೆಯ ಹುಡುಗ ವಾಪಸ್ ಬರಲಿಲ್ಲ, ಇನ್ನಿಬ್ಬರು ಹಳದಿ ವ್ಯಾನು ಹತ್ತಿದರು. ಅಮ್ಮಣಿ ಹೊಸ ಮಾರ್ಕನ್ನು ಗೇಟಿನ ಬಳಿ ನಿಂತು ಯಾರಿಗೂ ಹೇಳಲಿಲ್ಲ. ಆದರೆ ಸಂತೆಯಲ್ಲಿ ತರಕಾರಿಯವನು ಚಿಲ್ಲರೆ ಕೊಡುವಾಗ ಮೊಮ್ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿ ಅವನನ್ನು ತಿದ್ದಿದಳೆಂದು ಶೋಭನಾಳ ಮನೆವರೆಗೂ ಬಂದು ಹೇಳಿ ಹೋದಳು.

ಜೂನಿನಲ್ಲಿ ಶಾಲೆ ತೆರೆಯುವ ಮುಂಚಿನ ದಿನ ಲೋಗನಾಥನ್ ಆಫೀಸ್ ರೂಮಿಗೆ ಬಂದು, ಈ ಕೊನೆಯ ವರ್ಷ ತಮಗೆ ಏಳನೆಯ ತರಗತಿ ಕೊಟ್ಟುಬಿಡು ಎಂದರು. ಅಲ್ಲಿ ಮಟ್ಟದ ಪರೀಕ್ಷೆ ಇಲ್ಲ. ಶೋಭನಾ ಆಗಲೇ ಪಟ್ಟಿ ಬರೆದಿದ್ದಳು. ಅವರ ಹೆಸರು ಮೂರನೆಯ ತರಗತಿಯ ಮುಂದೆಯೇ ಇತ್ತು.

“ನವೆಂಬರ್‌ನಲ್ಲಿ ಹೊರಗಿನವರು ಬರ್ತಾರೆ ಸಾರ್. ಜ್ವರ ಬಂದ್ರೆ ನಾನೇ ಸ್ಕೂಟರಲ್ಲಿ ಹೋಗಿ ಬೇರೆಯವ್ರನ್ನ ಕರ್ಕೊಂಡು ಬರ್ತೀನಿ. ಉಳಿದ ದಿನಕ್ಕೆಲ್ಲ ನೀವೇ ಬೇಕು.”

ಅವರು ಪಟ್ಟಿಯನ್ನು ಓದಿ, ಹಿಂದಕ್ಕೆ ಕೊಟ್ಟು, ಹಾಜರಿ ಪುಸ್ತಕ ಎತ್ತಿಕೊಂಡು ಹೊರಟರು.

ಮರುದಿನ ಮೂರನೆಯ ತರಗತಿಗೆ ಏಳು ಹೊಸ ಮಕ್ಕಳು ಬಂದವು. ಶಾಲೆಗೇ ಹೊಸಬಳಾದ ಒಬ್ಬಳು ಬಾಗಿಲಲ್ಲೇ ನಿಂತು, ಒಳಗೆ ಬರಲೊಲ್ಲೆ ಎಂದು ಅಮ್ಮನ ಸೀರೆ ಹಿಡಿದುಕೊಂಡಿದ್ದಳು. ಲೋಗನಾಥನ್ ಬಾಗಿಲಿನ ಬಳಿಗೆ ಹೋಗಿ ನೆಲದ ಮೇಲೆ ಕುಳಿತರು, ಅವಳ ಎತ್ತರಕ್ಕೆ. ಹೆಸರೇನು ಎಂದು ಮೊದಲು ತಮಿಳಿನಲ್ಲಿ ಕೇಳಿದರು, ಆಮೇಲೆ ಕನ್ನಡದಲ್ಲಿ ಕೇಳಿದರು, ಮತ್ತೆ ಅವಸರವಿಲ್ಲದೆ ಉತ್ತರಕ್ಕೆ ಕಾದರು.